ಸ್ನಾನದ ದಿನದಿಂದ ಎಣಿಸಿದ ಎರಡು ವರ್ಷ

ಡಾಕ್ಟರ್ ಸ್ಕ್ಯಾನ್ ಪರದೆಯನ್ನು ನನ್ನ ಕಡೆ ತಿರುಗಿಸಿದರು ಎಂದು ನೆನಪು. ತಪ್ಪಿರಬಹುದು. ಪರದೆ ಗೋಡೆಯ ಮೇಲಿತ್ತು ಎನ್ನುತ್ತಾನೆ ನನ್ನ ಗಂಡ ಮುರಳಿ. ಡಾಕ್ಟರ ಮಾತು ಮಾತ್ರ ಹಾಗೇ ಉಳಿದಿದೆ.

"ಇದು ಎರಡನೇ ದಿನದ ಸ್ಕ್ಯಾನ್ ಥರ ಇಲ್ವಲ್ಲಮ್ಮಾ. ಬ್ಲೀಡಿಂಗ್ ಶುರುವಾದದ್ದು ಯಾವತ್ತು?"

ನನಗೆ ಮೂವತ್ತಮೂರು. ಎರಡು ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೆವು. ಪೆರಿಯನಾಯಕನಪಾಳ್ಯಂನಿಂದ ಕೊಯಮತ್ತೂರಿನ ಈ ಆಸ್ಪತ್ರೆಗೆ ಬಂದದ್ದು ಒಂದೇ ಪ್ರಶ್ನೆ ಹಿಡಿದು: ಇನ್ನೂ ಕಾಯುವುದೇ, ವೀರ್ಯವನ್ನು ನೇರ ಗರ್ಭಕೋಶಕ್ಕೆ ಸೇರಿಸುವ ಐಯುಐ ಮಾಡಿಸುವುದೇ, ನೇರ ಐವಿಎಫ್‌ಗೆ ಹೋಗುವುದೇ?

"ಗುರುವಾರ," ಎಂದೆ. "ತಲೆಗೆ ಸ್ನಾನ ನಿನ್ನೆ, ಭಾನುವಾರ. ಇವತ್ತು ಎರಡನೇ ದಿನ."

ಅವರು ಪೆನ್ನು ಕೆಳಗಿಟ್ಟರು. "ಸ್ನಾನದಿಂದ ಯಾರಮ್ಮಾ ಎಣಿಸ್ತಾರೆ? ಇವತ್ತು ಐದನೇ ದಿನ."

ಯಾರು? ಅಜ್ಜಿ. ಅಮ್ಮ. ನಾನು.

ನಮ್ಮ ಮಗ್ಗದ ಮನೆಯಲ್ಲಿ ಆ ಮೂರು ದಿನ ಲೆಕ್ಕಕ್ಕೇ ಇಲ್ಲ. ಮಗ್ಗ ಮುಟ್ಟುವಂತಿಲ್ಲ, ನೂಲು ದಾಟುವಂತಿಲ್ಲ. ನಾಲ್ಕನೇ ದಿನ ತಲೆಗೆ ನೀರು ಬಿದ್ದ ಮೇಲೆಯೇ ಒಂದು. ಗಣಿತದಲ್ಲಿ ಎಂ.ಎಸ್ಸಿ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವ ನಾನು, ಫೋನಿನ ಆ್ಯಪ್ ಮೊದಲ ದಿನ ಯಾವುದು ಎಂದು ಕೇಳಿದಾಗಲೆಲ್ಲ ಸ್ನಾನದ ದಿನವನ್ನೇ ತುಂಬಿದ್ದೆ. ಗರ್ಭ ನಿಲ್ಲುವ ದಿನಗಳೆಂದು ಅದು ಹಸಿರು ಬಣ್ಣದಲ್ಲಿ ತೋರಿಸಿದ್ದನ್ನು ನಂಬಿದ್ದೆವು; ಅವು ಪ್ರತಿ ತಿಂಗಳೂ ಮೂರು ದಿನ ತಡ.

ಮುರಳಿ ಹೊರಗೆ ಬಂದು ಹೇಳಿದ: "ಅಂದ್ರೆ ಎರಡು ವರ್ಷ ಬಸ್ಸು ಹೋದ್ಮೇಲೇ ಸ್ಟಾಪ್‌ಗೆ ಬಂದು ನಿಂತಿದೀವಿ, ಟೀಚರಮ್ಮಾ!"

ನಕ್ಕೆ. ಆಮೇಲೆ ಅತ್ತೆ. ಮೊದಲು ಅತ್ತೆನೋ ಏನೋ.

ತಪ್ಪು ಸಿಕ್ಕಿತಲ್ಲ, ಇನ್ನೊಂದು ವರ್ಷ ನಾವೇ ನೋಡೋಣ ಎಂದ ಅವನು. ನನಗೋ ನಾಳೆಯೇ ಐವಿಎಫ್ ಬೇಕು. ಕಳೆದದ್ದನ್ನು ಒಂದೇ ಸಲಕ್ಕೆ ತೀರಿಸುವ ಹಟ ಅದು, ಈಗ ಅನಿಸುತ್ತದೆ.

"ಅದೊಂದೇ ಕಾರಣ ಅಂದ್ಕೋಬೇಡಿ," ಎಂದರು ಡಾಕ್ಟರ್, ಟೆಸ್ಟುಗಳೆಲ್ಲ ಮುಗಿದ ಮೇಲೆ. "ಟ್ಯೂಬ್ ತೆರೆದಿವೆ, ನಿಮ್ಮ ಯಜಮಾನರ ರಿಪೋರ್ಟ್ ಚೆನ್ನಾಗಿದೆ. ಆದರೆ ನಿಮ್ಮ ಎಎಂಎಚ್ ಕಡಿಮೆ, ಅಂದ್ರೆ ಉಳಿದಿರೋ ಅಂಡಗಳು ಕಡಿಮೆ. ವರ್ಷಗಟ್ಟಲೆ ಕಾಯೋ ಹಾಗಿಲ್ಲ. ಇವತ್ತೇ ಐವಿಎಫ್ ಅನ್ನೋ ಅವಸರವೂ ಬೇಡ."

ಮೂರು ಸಲ ಐಯುಐ; ಆಗದಿದ್ದರೆ ಐವಿಎಫ್. ಹಾಗೆಂದು ಒಪ್ಪಿಕೊಂಡೆವು. ಮಧ್ಯದ ದಾರಿ ಹಿಡಿದದ್ದು ವಿವೇಕವೋ ಅಳುಕೋ, ಗೊತ್ತಿಲ್ಲ. ದಾರಿ ಇದೆ ಎನ್ನುವುದಂತೂ ಗೊತ್ತು.

ಈ ತಿಂಗಳು ರಕ್ತ ಕಂಡ ಬೆಳಿಗ್ಗೆಯೇ ಡೈರಿಯಲ್ಲಿ 'ಒಂದು' ಎಂದು ಬರೆದೆ. ಆ ದಿನ ಸೋಲಿನಂತೆ ಕಾಣದಿದ್ದದ್ದು ಅದೇ ಮೊದಲು.

ಅಮ್ಮ ಬಂದಿದ್ದಳು. ನುಗ್ಗೆಸೊಪ್ಪು ಬಿಡಿಸುತ್ತಾ ಎಲ್ಲ ಕೇಳಿದಳು. "ಆ ಮೂರು ದಿನ ಯಾರ್ ಎಣಿಸ್ತಾರೆ, ನನ್ ಕಣ್ಣು? ದೂರ ಕೂತ್ರೆ ಆಯ್ತು," ಎಂದಳು.

ನಾನು ಹುಟ್ಟಿದ್ದು ಅವಳ ಮದುವೆಯಾಗಿ ಒಂಬತ್ತು ವರ್ಷಕ್ಕೆ. ಅಲ್ಲಿಯವರೆಗೆ ಅವಳನ್ನು ಯಾವ ಸೀಮಂತಕ್ಕೂ ಕರೆಯುತ್ತಿರಲಿಲ್ಲವಂತೆ. ಅದಕ್ಕೇ ಕೇಳಿಬಿಟ್ಟೆ. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು, ಮತ್ತೆ ಶುರುವಾಯಿತು.

"ಅಮ್ಮಾ, ಆ ಒಂಬತ್ತು ವರ್ಷ ನೀನೂ ಸ್ನಾನದಿಂದಲೇ ಎಣಿಸಿದ್ಯಾ?"