ಸರೋಜಮ್ಮ ಸಿಸ್ಟರ್‌ಗೆ ಮಾತ್ರ ಕಾಮಾಲೆ ಬಂದಿರಲಿಲ್ಲ

ಈಗಲೂ ನಂಬಲು ಆಗುತ್ತಿಲ್ಲ...
ಸರೋಜಮ್ಮ ಸಿಸ್ಟರ್ ಹೋಗಿಬಿಟ್ಟರಂತೆ.
ಬೆಳಿಗ್ಗೆ ಅವರ ಮಗಳು ಹಿರಿಯೂರಿನಿಂದ ಫೋನ್ ಮಾಡಿದಳು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ನಾನೇ ಮತ್ತೆ ಫೋನ್ ಮಾಡಿದೆ.
"ಹೌದು ಆಯಮ್ಮ, ನಿದ್ದೇಲೇ ಹೋದ್ರು" ಅಂದಳು.
ಆಮೇಲೆ ಇನ್ನೊಂದು ಸಲವೂ ಕೇಳಿದೆ...

ಹಳೆಯ ಸ್ಟಾಫಿನವರ ಈ ವಾಟ್ಸಾಪ್ ಗ್ರೂಪಿನಲ್ಲಿ ನನ್ನನ್ನು ಮರೆತವರಿರಬಹುದು. ದುರ್ಗದ ನಮ್ಮ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಆಯಾ ಆಗಿದ್ದೆ. ಸಿಸ್ಟರ್ ಅದೇ ವಾರ್ಡಿನ ಸ್ಟಾಫ್ ನರ್ಸ್.
ಸ್ಕೂಲು ಅರ್ಧಕ್ಕೆ ಬಿಟ್ಟವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.
ಬರೆಯಲೋ ಬೇಡವೋ... ಯಾರಿಗಾದರೂ ನೋವಾದರೆ... ಅಂತ ಟೈಪ್ ಮಾಡಿ ಮಾಡಿ ಅಳಿಸಿದೆ.
ಆದರೆ ಬೆಳಿಗ್ಗೆಯಿಂದ ಹೂವಿನ ಫೋಟೋ ಹಾಕಿ "ರಕ್ತದಾನದ ದೇವತೆ" ಎಂದು ಬರೆಯುತ್ತಿದ್ದೀರಿ.
ಓದಿ ಸುಮ್ಮನಿರಲು ಆಗುತ್ತಿಲ್ಲ.

ಅದು ಎಪ್ಪತ್ತರ ದಶಕ. ಯಾರಿಗಾದರೂ ರಕ್ತ ಬೇಕೆಂದರೆ ಇನ್ನೊಬ್ಬರು ಬಂದು ಮಲಗಬೇಕು, ಗಾಜಿನ ಬಾಟಲಿಗೆ ಇಳಿಸಬೇಕು.
ರೋಗಿಯ ಕಡೆಯವರು ಹೆದರಿದರೆ ಸ್ಟಾಫಿನವರು ಗದರುತ್ತಿದ್ದರು.
ಸ್ಟಾಫನ್ನೇ ಕೇಳಿದರೆ ಮಾತ್ರ...
"ನಂಗೆ ಕಾಮಾಲೆ ಆಗಿತ್ತು ಸಾರ್."
ಕಾಮಾಲೆ ಆದವರ ರಕ್ತ ತೆಗೆದುಕೊಳ್ಳುವುದಿಲ್ಲ ಎಂದು ಹಳ್ಳಿಯವರಿಗೆ ಗೊತ್ತಿರಲಿಲ್ಲ. ನಮ್ಮವರಿಗೆ ಗೊತ್ತಿತ್ತು. ಓದಿದ್ದು ಅಷ್ಟಕ್ಕೆ ಉಪಯೋಗಕ್ಕೆ ಬಂತು.
ಕಾಂಪೌಂಡರ್‌ಗೆ ಕಾಮಾಲೆ, ಎಕ್ಸ್‌ರೇ ರೂಮಿನವರಿಗೆ ಕಾಮಾಲೆ, ಜೀಪಿನ ಡ್ರೈವರ್‌ಗೂ ಕಾಮಾಲೆ...
"ಗೋಡೆಗೆ ಬೇರೆ ಹಳದಿ ಬಣ್ಣ ಯಾಕ್ರಿ, ನೀವೇ ಸಾಲಾಗಿ ನಿಂತ್ಕಳ್ರಿ" ಎಂದು ಡಾಕ್ಟರು ಒಮ್ಮೆ ನಕ್ಕಿದ್ದರು.

ಸರೋಜಮ್ಮ ಒಬ್ಬರೇ ಬಂದು ಮಲಗುತ್ತಿದ್ದರು. ಎದ್ದು ಒಂದು ಲೋಟ ಟೀ ಕುಡಿದು ಮತ್ತೆ ಡ್ಯೂಟಿ.
ಅವರ ಗಂಡ ರುದ್ರಪ್ಪನವರೇ ನಮ್ಮ ಕಾಂಪೌಂಡರ್.
"ಊರೋರಿಗೆಲ್ಲ ಬಸಿದು ಕೊಟ್ಟು ಮನೇಲಿ ಬಿದ್ಕಳೇ" ಎಂದು ಎಲ್ಲರೆದುರು ಬೈಯುತ್ತಿದ್ದರು.

ಸಿಸ್ಟರ್...
ನಿಮ್ಮ ಹೆರಿಗೆಯ ಆ ಮಧ್ಯಾಹ್ನ ನಿಮಗೆ ಎಚ್ಚರ ಇರಲಿಲ್ಲ.
ಮಗು ಬಂತು. ರಕ್ತ ನಿಲ್ಲಲಿಲ್ಲ. ನಾನು ಬಟ್ಟೆ ಬದಲಿಸುತ್ತಲೇ ಇದ್ದೆ...
ನನ್ನ ರಕ್ತ ತೆಗೆದು ನೋಡಿದರು. ನಿಮ್ಮದಕ್ಕೆ ಕೂಡಲಿಲ್ಲ.
ನಿಮ್ಮ ಯಜಮಾನರು ಓಡಿ ಬಂದು ತೋಳು ಚಾಚಿದರು.
"ಸಾರ್, ನಂದೂ ಅವಳ್ದೂ ಒಂದೇ ಬ್ಲಡ್ ಗ್ರೂಪು. ತಗಳ್ರಿ."
"ನಿಮಗೆ ಕಾಮಾಲೆ ಆಗಿತ್ತಲ್ಲ ರುದ್ರಪ್ಪ."
"ಇಲ್ಲ ಸಾರ್. ಸುಳ್ಳು ಹೇಳಿದ್ದೆ."
"ಯಾವುದು ಸುಳ್ಳು? ಅವತ್ತು ಹೇಳಿದ್ದೋ, ಇವತ್ತು ಹೇಳ್ತಿರೋದೋ?"
ರುದ್ರಪ್ಪನವರು ತಾಯಾಣೆ ಅಂದರು, ದೇವರಾಣೆ ಅಂದರು.
"ಹೆಂಡ್ತಿ ಜೀವ ಹೋಗ್ತಿದ್ರೆ ಯಾರಾದ್ರೂ ಆಣೆ ಮಾಡ್ತಾರೆ. ನಿಮ್ಮನ್ನ ನಂಬಿ ಅವಳಿಗೆ ಹೆಂಗ್ ಏರಿಸ್ಲಿ?"
ಕಾಮಾಲೆ ಅಂದಿದ್ದ ಉಳಿದ ಸ್ಟಾಫಿನವರು ವಾರ್ಡಿನ ಬಾಗಿಲಲ್ಲೇ ನಿಂತಿದ್ದರು.
ನಂದೂ ಸುಳ್ಳು ಎಂದು ಒಬ್ಬರ ಬಾಯಲ್ಲೂ ಬರಲಿಲ್ಲ...

ಆಗ ವರಾಂಡದಿಂದ ಎದ್ದು ಬಂದವನು ಹಿರೇಗುಂಟನೂರಿನ ಚಿತ್ತಪ್ಪ. ಕುರಿ ಕಾಯುವವನು.
ಮಾರನೇ ದಿನದ ಹೆಂಡತಿಯ ಆಪರೇಷನ್‌ಗೆ ಬೇಕಾದೀತೆಂದು ಅವನ ರಕ್ತ ಪರೀಕ್ಷೆ ಆಗಿತ್ತು. ಸೂಜಿ ಕಂಡು ಹಿಂದೆ ಸರಿದಾಗ "ಥೂ, ಗಂಡಸೇನೋ ನೀನು" ಎಂದು ಬೈದವರು ಇದೇ ರುದ್ರಪ್ಪ.
"ನಂದು ಕೂಡ್ತೈತೇನೋ ನೋಡ್ರಿ ಸಾಮಿ. ನಂಗ್ಯಾವ ಕಾಮಾಲೇನೂ ಬಂದಿಲ್ಲ. ಕಣ್ಣು ಮುಚ್ಕಂತೀನಿ, ಚುಚ್ರಿ."
ನೋಡಿದರು. ಕೂಡಿತು.
ಡಾಕ್ಟರೇ ತಡೆದು ಕೇಳಿದರು.
"ನಾಳೆ ನಿನ್ನ ಹೆಂಡ್ತಿಗೆ ಬೇಕಾದ್ರೆ ಏನ್ ಮಾಡ್ತೀಯಪ್ಪ?"
ಚಿತ್ತಪ್ಪ ಬಾಗಿಲ ಕಡೆ ನೋಡಿದ.
"ಬೇಕಾದ್ರೆ ಇಷ್ಟು ಜನ ಐದೀರಲ್ಲ ಸಾಮಿ..."

ಅವನು ಕೊಂಕು ಆಡಿದ್ದಲ್ಲ ಸಿಸ್ಟರ್.
ನಂಬಿ ಹೇಳಿದ್ದು.

ಅವನ ಹೆಂಡತಿಗೆ ರಕ್ತ ಬೇಕಾಗಲಿಲ್ಲ. ಬೇಕಾಗಿದ್ದರೆ... ಎಂದು ಈಗಲೂ ನೆನೆಯುತ್ತೇನೆ.

ನೀವು ಉಳಿದಿರಿ. ನಡೆದದ್ದನ್ನೆಲ್ಲ ನನ್ನಿಂದಲೇ ಕೇಳಿ ತಿಳಿದುಕೊಂಡಿರಿ. ಜಗಳ ಮಾಡಲಿಲ್ಲ.
ಓಡಾಡುವಂತಾದ ಮೇಲೆ ನಿಮ್ಮ ಮನೆಗೆ ಬಂದಿದ್ದೆ. ರುದ್ರಪ್ಪನವರ ತಟ್ಟೆಗೆ ಬರೀ ಮಜ್ಜಿಗೆ ಅನ್ನ ಬಡಿಸಿದಿರಿ. ಉಪ್ಪಿನಕಾಯಿಯೂ ಇಲ್ಲ.
"ಸಾರು ಇಲ್ವೇನೇ?" ಅಂದರು.
"ಕಾಮಾಲೆ ಆದೋರಿಗೆ ಎಣ್ಣೆ ಖಾರ ಆಗಲ್ಲ ಕಣ್ರಿ" ಅಂದಿರಿ.
ಅವರು ತಲೆ ತಗ್ಗಿಸಿ ಉಂಡರು.
ಅವತ್ತು ವಾರ್ಡಿನ ಬಾಗಿಲಲ್ಲಿ ನಿಂತಿದ್ದ ಉಳಿದವರಿಗೆ ಹಾಗೆ ಬಡಿಸುವವರು ಯಾರೂ ಸಿಗಲಿಲ್ಲ.

ಇವತ್ತು ಹೂವಿನ ಫೋಟೋ ಹಾಕಿದವರಲ್ಲಿ ಅವರೂ ಇದ್ದಾರೆ.
ಹೆಸರು ಬರೆಯುವುದಿಲ್ಲ... ಭಯ ಆಗುತ್ತದೆ.
"ರಕ್ತ ಕೊಡಿ, ಜೀವ ಉಳಿಸಿ" ಎಂದು ಬೇರೆ ಹಾಕಿದ್ದೀರಿ.
ಕಾಮಾಲೆ ವಾಸಿಯಾಯಿತೇನಪ್ಪ?

ಹೋಗಿ ಬನ್ನಿ ಸಿಸ್ಟರ್...
ನಿಮ್ಮ ಜೀವ ತಣ್ಣಗಿರಲಿ.
ಚಿತ್ತಪ್ಪ ನಿಮಗಿಂತ ಮೊದಲೇ ಹೋಗಿದ್ದರೆ ಅಲ್ಲಿ ಸಿಗುತ್ತಾನೆ.
ನಾವು ಹೇಗಿದ್ದೇವೆ ಎಂದು ಕೇಳಿದರೆ...
ಹೇಳಬೇಡಿ. ಅವನು ನಂಬಿಕೊಂಡೇ ಇರಲಿ.