ಬಾಜೂ ಮನೆಯ ಬೆಂಕಿ

ಸೋಮವಾರ ಬೆಳಿಗ್ಗೆ ಗಂಗವ್ವ ಆಯಿ ಕೈಯಲ್ಲೊಂದು ಸಗಣಿ ಕುಳ್ಳಿನ ಚೂರು ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ತಮ್ಮಾ, ಒಂದೀಟ ಬೆಂಕಿ ಕೊಡೊ."

ನಮ್ಮ ಮನೆಯಲ್ಲಿ ಬೆಂಕಿ ಇರಲಿಲ್ಲ.

ಕೆಲವು ವಾರ ಈ ಅಂಕಣ ಬರಲಿಲ್ಲವೇಕೆ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ನನ್ನ ಹೆಂಡತಿ ನೀಲವ್ವ ಜ್ವರದಲ್ಲಿ ತೀರಿಕೊಂಡಳು. ದುಃಖದ ದಿನಗಳಲ್ಲಿ ಓಣಿಯವರೇ ರೊಟ್ಟಿ-ಪಲ್ಯ ತಂದಿಟ್ಟರು. ಅವು ಮುಗಿದ ಮೇಲೆ ನಾನು ಮೂಡಲಗಿ ಪೇಟೆಯ ಖಾನಾವಳಿ ಹಿಡಿದೆ. ಒಬ್ಬನ ಹೊಟ್ಟೆಗೆ ಒಲೆ ಯಾಕೆ? ಅಡುಗೆಮನೆಯ ಕದ ಮುಚ್ಚಿಬಿಟ್ಟಿದ್ದೆ. (ಖರೆ ಹೇಳಬೇಕೆಂದರೆ, ಆ ಒಲೆಯ ಮುಂದೆ ಕೂರುವ ಧೈರ್ಯ ನನಗಿರಲಿಲ್ಲ.)

ಗಂಗವ್ವ ನಮ್ಮ ಬಾಜೂ ಮನೆಯ ಮುದುಕಿ. ಓಣಿಗೆಲ್ಲ ಆಯಿ. ಹಿಂದೆ ಬೆಳಗಾದರೆ ಒಂದು ಮನೆಯ ಬೆಂಕಿ ಇನ್ನೊಂದು ಮನೆಗೆ ನಡೆದು ಹೋಗುತ್ತಿತ್ತು. ರಾತ್ರಿ ಬೂದಿಯಲ್ಲಿ ಮುಚ್ಚಿಟ್ಟ ಕೆಂಡ ಯಾರ ಒಲೆಯಲ್ಲಿ ಉಳಿದಿದೆಯೋ ಅವರ ಮನೆಗೆ ಉಳಿದವರು ಕುಳ್ಳು ಹಿಡಿದು ಹೋಗಬೇಕು. ಆಮೇಲೆ ಕಡ್ಡಿಪೆಟ್ಟಿಗೆ ಬಂತು. ಹೋಗಿಬರುವುದು ನಿಂತಿತು.

ನೀಲವ್ವ ಮಾತ್ರ ನಿಲ್ಲಿಸಲಿಲ್ಲ. ನಾನು ಗೋಕಾಕದಿಂದ ಕಡ್ಡಿಪೆಟ್ಟಿಗೆ ತಂದು ಕೊಟ್ಟರೂ ಆಯಿಯ ಮನೆಗೇ ಹೋಗುತ್ತಿದ್ದಳು.

"ಘೋಡಗೇರಿ ಮಂದಿಗೆ ಕಡ್ಡಿ ಗೀರಾಕ ಬರೂದಿಲ್ಲೇನ?" ಎಂದು ಅವಳ ತವರನ್ನು ಕೆಣಕುತ್ತಿದ್ದೆ.

"ಗೀರಾಕ ಬರತೈತ್ರಿ. ಆಯಿಗೆ ರಾತ್ರಿ ಕೆಮ್ಮು ಹೆಂಗಿತ್ತು ಅಂತ ನಿಮ್ಮ ಕಡ್ಡಿಪೆಟಗಿ ಹೇಳತೈತೇನು?"

ಅಂಥವಳ ಮನೆಗೆ ಆಯಿ ಬೆಂಕಿ ಕೇಳಿ ಬಂದಿದ್ದಾಳೆ. ಯುದ್ಧ ಶುರುವಾದ ಮೇಲೆ ಕಡ್ಡಿಪೆಟ್ಟಿಗೆ ಅಂಗಡಿಯಲ್ಲಿ ಸಿಗುವುದಿಲ್ಲ. ಪಾಪ, ಮುದುಕಿಯ ಕೆಂಡ ಆರಿರಬೇಕು ಎಂದುಕೊಂಡೆ. ಇಲ್ಲ ಎಂದು ಹೇಗೆ ಕಳಿಸುವುದು?

"ಒಳಗ ಬಾ ಆಯಿ, ಹಚ್ಚಿ ಕೊಡತೇನಿ" ಎಂದೆ.

ಅಡುಗೆಮನೆಯ ಕದ ತೆಗೆದೆ. ನೀಲವ್ವ ಕೊನೆಗೆ ಸಾರಿಸಿದ್ದ ಒಲೆ ಹಾಗೇ ಇತ್ತು. ಗೋಡೆಯ ಗೂಡಿನಲ್ಲಿ ನಾನು ಕೊಟ್ಟಿದ್ದ ಕಡ್ಡಿಪೆಟ್ಟಿಗೆ. ತೆರೆದರೆ ತುಂಬ ಕಡ್ಡಿ! ಅವಳು ಅದನ್ನು ಮುಟ್ಟಿಯೇ ಇರಲಿಲ್ಲ. ಅದನ್ನೇ ಹಿಡಿದು ನಿಂತೆ.

"ನಿಂತ ನೋಡಿದ್ರ ಹತ್ತತೈತೇನೊ?" ಎಂದಳು ಆಯಿ, ಹೊಸ್ತಿಲ ಮೇಲೆ ಕೂತು.

ಕಡ್ಡಿಗಳು ತಂಪು ಹಿಡಿದಿದ್ದವು. ಒಂದು ಗೀರಿದೆ, ಮುರಿಯಿತು. ಇನ್ನೊಂದು ಚುರುಗುಟ್ಟಿ ಆರಿತು. ಕೊನೆಗೊಂದು ಹತ್ತಿತು, ಒಲೆಗಿಟ್ಟ ಕಟ್ಟಿಗೆ ಚೂರಿಗೆ ಹಿಡಿಸಿದೆ. ನಾನು ಬಗ್ಗಿ ಜೋರಾಗಿ ಊದಿದೆ.

"ಸಾವಕಾಶ ಊದೊ ಮಾರಾಯಾ! ಒಲಿ ಹಚ್ಚತೀಯೋ, ಬೂದಿ ತೂರತೀಯೋ? ನೀಲವ್ವ ನಿನಗ ಕುಂತಲ್ಲೇ ರೊಟ್ಟಿ ಕೊಟ್ಟ ಕೆಡಿಸ್ಯಾಳ ನೋಡು."

ನಕ್ಕೆ. ಕಣ್ಣಲ್ಲಿ ನೀರು ಬಂತು. (ಹೊಗೆಗೆ ಎಂದೇ ಆಯಿಯೂ ತಿಳಿದುಕೊಂಡಂತೆ ಮಾಡಿದಳು.) ಒಲೆ ಹತ್ತಿತು. ಆಯಿ ಕುಳ್ಳಿನ ತುದಿಗೆ ಕೆಂಡ ಹಿಡಿಸಿಕೊಂಡು, ಸೆರಗು ಮರೆ ಮಾಡಿ ಹೋದಳು.

ಉರಿಯುವ ಒಲೆಯನ್ನು ಸುಮ್ಮನೆ ಆರಿಸಲು ಮನಸ್ಸು ಬರಲಿಲ್ಲ. ಚಹಾ ಕಾಸಿದೆ. ಹಳೇ ಅಳತೆಯಲ್ಲೇ ನೀರಿಟ್ಟಿದ್ದೆನೆಂದು ಕಾಣುತ್ತದೆ, ಇಬ್ಬರಿಗಾಗುವಷ್ಟಾಯಿತು. ಆಯಿಗೊಂದು ಬಟ್ಟಲು ಒಯ್ದೆ.

ಅವಳ ಮನೆಯಲ್ಲಿ ಒಲೆ ಧಗಧಗ ಉರಿಯುತ್ತಿತ್ತು. ಪಕ್ಕದ ಬುಟ್ಟಿಯಲ್ಲಿ ರೊಟ್ಟಿಗಳು ಆಗಲೇ ತಣ್ಣಗಾಗಿದ್ದವು. ನಾನು ಕೊಟ್ಟ ಕುಳ್ಳು ಹೊರಗೆ ಕಟ್ಟೆಯ ಮೇಲೆ ಹೊಗೆಯಾಡುತ್ತಿತ್ತು.

"ಆಯಿ, ನಿನ್ನ ಕಡೆ ಬೆಂಕಿ ಇತ್ತಲ್ಲ?"

"ನಮ್ಮನ್ಯಾಗ ಇತ್ತೋ ಯಪ್ಪಾ" ಎಂದಳು, ಬಟ್ಟಲು ಇಸಿದುಕೊಳ್ಳುತ್ತ. "ನಿಮ್ಮನ್ಯಾಗ ಇರಲಿಲ್ಲ."

ಒಂದು ಗುಟುಕು ಕುಡಿದು ಮುಖ ಕಿವುಚಿದಳು. "ಬೆಲ್ಲ ಹಾಕೂದ ಮರತೀದಿ."

ನಾನು ಮೋಟರು, ರೈಲು, ಕಡ್ಡಿಪೆಟ್ಟಿಗೆ ಬೇಡ ಎನ್ನುವವನಲ್ಲ. ಕತ್ತಲಲ್ಲಿ ಕಡ್ಡಿಯೇ ಬೇಕು. ಆದರೆ ಬೆಂಕಿ ಕೇಳಲು ಹೋದವರು ಬರೀ ಬೆಂಕಿ ತರುತ್ತಿರಲಿಲ್ಲ. ಯಾರ ಮನೆಯಲ್ಲಿ ಕೂಸು ಹಟ ಮಾಡಿತು, ಯಾರು ನಿನ್ನೆ ಉಣ್ಣದೆ ಮಲಗಿದರು, ಎಲ್ಲವನ್ನೂ ತರುತ್ತಿದ್ದರು. ಈಗ ನಮ್ಮ ಮನೆಯಲ್ಲೇ ಕೂತು ಒಲೆ ಹಚ್ಚಿಕೊಳ್ಳುತ್ತೇವೆ. ಬಾಜೂ ಮನೆಯದು ಆರಿದ್ದು ನಮಗೆ ಗೊತ್ತಾಗುವುದಾದರೂ ಹೇಗೆ?

ಮರುದಿನ ಬೆಳಿಗ್ಗೆ ಕಡ್ಡಿಪೆಟ್ಟಿಗೆಯನ್ನು ಅದರ ಗೂಡಿನಲ್ಲೇ ಬಿಟ್ಟು, ಕುಳ್ಳು ಹಿಡಿದು ಆಯಿಯ ಬಾಗಿಲಲ್ಲಿ ನಿಂತೆ.

"ಆಯಿ, ಒಂದೀಟ ಬೆಂಕಿ ಕೊಡು. ರಾತ್ರಿ ಕೆಮ್ಮು ಹೆಂಗಿತ್ತು?"

ನಿಮ್ಮ ಒಲೆಯಲ್ಲಿ ಇವತ್ತು ಯಾರ ಮನೆಯ ಬೆಂಕಿ ಇದೆ?