ಆಕೆಯ ಆರ್ಕಿಡ್ ಗಿಡ

ಬಿಸಿಲಿಗೆ ಕಾದ ಪ್ಲಾಸ್ಟಿಕ್ ಹಾಳೆಯ ವಾಸನೆ ಬಂದರೆ ನಾನು ಇವತ್ತಿಗೂ ರಸ್ತೆ ದಾಟಿ ಆಚೆ ಬದಿಗೆ ಹೋಗಿಬಿಡುತ್ತೇನೆ. ನಿನ್ನೆ ಹಿರಿಯೂರು ಪೇಟೆಯಲ್ಲಿ ಯಾವುದೋ ಅಂಗಡಿ ಮುಂದೆ ಅದು ಮೂಗಿಗೆ ಬಡಿದದ್ದೇ ತಡ, ಎದುರು ಮನೆ ಯಜಮಾನರು ಕಣ್ಣ ಮುಂದೆ ಬಂದು ನಿಂತರು.

ಅವರು ಬಬ್ಬೂರಿನ ಸರ್ಕಾರಿ ಕೃಷಿ ಫಾರಂನಲ್ಲಿ ಗಿಡ ನೋಡಿಕೊಂಡು ನಿವೃತ್ತರಾದವರು. ನಾನೋ ಹುಟ್ಟು ಪುಕ್ಕಲು ಮೇಷ್ಟ್ರು. ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು. ಅಂಥ ನನಗೆ ತಾರಸಿ ಮೇಲೆ ಆರ್ಕಿಡ್ ಬೆಳೆಸುವ ಹುಚ್ಚು ಹತ್ತಿತು. ನಮ್ಮ ಬಿಸಿಲಿಗೆ ಅದು ಬದುಕುತ್ತದಾ ಎಂದು ಕೇಳಿದ್ದಕ್ಕೆ ಯಜಮಾನರು ಸೀಮೆಸುಣ್ಣ ಹಿಡಿದು ತಾರಸಿ ಮೇಲೇ ಹಸಿರುಮನೆಯ ನಕ್ಷೆ ಬರೆದರು. ಪೈಪಿನ ಚೌಕಟ್ಟು, ಮಳೆಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ನೆರಳಿಗೆ ಹಸಿರು ನೆಟ್. ನೆಲಕ್ಕೆ ಒದ್ದೆ ಇಟ್ಟಿಗೆ ಚೂರು. ಕುಂಡಕ್ಕೆ ಮಣ್ಣು ಬೇಡ, ಇದ್ದಿಲು ಮತ್ತು ತೆಂಗಿನ ಸಿಪ್ಪೆ ಸಾಕು. ಬೋರಿನ ನೀರು ಮುಟ್ಟಿಸಬಾರದು, ಡ್ರಮ್ಮಿನಲ್ಲಿ ಹಿಡಿದ ಮಳೆನೀರೇ ಆಗಬೇಕು. ನಾಲ್ಕೂ ಪಕ್ಕ ಸುತ್ತಿ ಕಟ್ಟುವ ಪ್ಲಾಸ್ಟಿಕ್ ಪರದೆಗಳನ್ನಂತೂ ಯಾವತ್ತೂ ಪೂರ್ತಿ ಇಳಿಸಬಾರದು.

"ಗಾಳಿ ಆಡ್ಬೇಕ್ರೀ ಮೇಷ್ಟ್ರೇ. ಅವಕ್ಕೂ ಉಸಿರು ಐತೆ."

ಕೆಲಸ ಮುಗಿದ ದಿನ ತಮ್ಮ ಮನೆಯಿಂದ ಒಂದು ಕುಂಡ ತಂದಿಟ್ಟರು. ತೀರಿಕೊಂಡ ಅವರ ಹೆಂಡತಿ ಸಾಕಿದ ಆರ್ಕಿಡ್. ಅದೊಂದೇ ಉಳಿದಿತ್ತು. "ನನ್ನ ಕೈಲಿ ಆಗ್ತಿಲ್ಲ, ನಿಮ್ಮತ್ರ ಇರ್ಲಿ" ಅಂದರು. ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು. ಒಂದು ಎಲೆ ಹಳದಿಯಾದರೂ ರಾತ್ರಿ ಟಾರ್ಚ್ ಹಿಡಿದು ತಾರಸಿ ಹತ್ತುತ್ತಿದ್ದೆ...

ಬೇಸಿಗೆಯಲ್ಲಿ ಎರಡು ದಿನ ಹೊಳಲ್ಕೆರೆಗೆ ಮದುವೆಗೆ ಹೋಗಬೇಕಾಯಿತು. ಹಿಂದಿನ ವಾರವಷ್ಟೇ ಬಿರುಗಾಳಿ ಯಾರದೋ ಮನೆಯ ಶೀಟು ಹಾರಿಸಿತ್ತು. ಆ ಹೆದರಿಕೆಗೆ ನಾಲ್ಕೂ ಕಡೆ ಪರದೆ ಇಳಿಸಿ, ಹಗ್ಗ ಬಿಗಿದು ಹೋದೆ. ಗಾಳಿಯೂ ಬರಲಿಲ್ಲ, ಮಳೆಯೂ ಬರಲಿಲ್ಲ. ವಾಪಸು ಬಂದು ಪರದೆ ಎತ್ತಿದರೆ ಮುಖಕ್ಕೆ ರಾಚಿದ ಬಿಸಿ ಹಬೆ, ಆ ವಾಸನೆ... ಆಕೆಯ ಗಿಡ ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿತ್ತು.

ಯಜಮಾನರಿಗೆ ಹೇಳಲಿಲ್ಲ. ಅಂಥದ್ದೇ ಗಿಡ ತರಿಸಿ ಅದೇ ಕುಂಡದಲ್ಲಿಟ್ಟೆ. ಈಚೆಗೆ ಮಂಡಿ ನೋವು ಜೋರಾದ ಮನುಷ್ಯ, ಇನ್ನು ಮೆಟ್ಟಿಲು ಹತ್ತುವುದಿಲ್ಲ ಎಂದು ಧೈರ್ಯ ತಂದುಕೊಂಡೆ. ಆದರೆ ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಂದೇಬಿಟ್ಟರು. ಕುಂಡದ ಮುಂದೆ ಕುಳಿತು ಎಲೆ ಸವರಿದರು.

"ಇದು ಆಕೆ ಗಿಡ ಅಲ್ವಲ್ಲ ಮೇಷ್ಟ್ರೇ?"

"ಅದೇ ಯಜಮಾನ್ರೇ" ಅಂದುಬಿಟ್ಟೆ.

ನನ್ನ ಮುಖ ನೋಡಿದರು. "ಇರ್ಬೋದು ಬಿಡ್ರಿ. ನನ್ನ ಕಣ್ಣು ಮಂಜಾಗೈತೆ" ಎಂದು ನಿಧಾನಕ್ಕೆ ಎದ್ದರು. ದಿನಾ ಬೆಳಿಗ್ಗೆ ಜಗುಲಿಯಲ್ಲಿ ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದವರು ಅವರು.

ಆ ಮಳೆಗಾಲದಲ್ಲೇ ತೀರಿಕೊಂಡರು. ಈಗ ತಾರಸಿ ತುಂಬ ಆರ್ಕಿಡ್‌ಗಳಿವೆ, ನೋಡಿದವರು ಹೊಗಳುತ್ತಾರೆ. ನಿಜ ಹೇಳಿದ್ದರೆ ಅವರು ಬೈಯುತ್ತಿದ್ದರು, ಇಲ್ಲವೇ ಅತ್ತುಬಿಡುತ್ತಿದ್ದರು. ಅಳುವುದಕ್ಕೂ ನಾನು ಅವರಿಗೆ ಅವಕಾಶ ಕೊಡಲಿಲ್ಲ.